ಸಾಯ್ಬೀಣ ನಮ್ಮ ಮನೆ ದಾಟಿ ಹೋದ ವರ್ಷ

ಹೋದ ತಿಂಗಳು ಅಂಕೋಲೆಯಲ್ಲಿ, ಮರುತಪಾಸಣೆಗೆಂದು ಹೋಗಿ, ಆಸ್ಪತ್ರೆಯ ಎಕ್ಸ್‌ರೇ ಕೋಣೆಯ ಹೊರಗೆ ಕೂತಿದ್ದಾಗ ಪಕ್ಕದ ಹುಡುಗಿಯೊಬ್ಬಳು ಮಾಸ್ಕ್ ಸರಿಮಾಡಿಕೊಳ್ಳುತ್ತ ಮೆಲ್ಲಗೆ ಕೇಳಿದಳು: "ಅಕ್ಕಾ, ನೀವು ಊರಲ್ಲಿ ಹೇಳಿದ್ರಾ?" ಕಾಲೇಜಿನ ಗುರುತುಚೀಟಿ ಅವಳ ಕೊರಳಲ್ಲೇ ಇತ್ತು, ಹೆಸರು ಕಾಣದ ಹಾಗೆ ತಿರುಗಿಸಿಕೊಂಡಿದ್ದಳು. ನಾನು ಬಾಯಿ ತೆರೆಯುವಷ್ಟರಲ್ಲಿ ಅವಳನ್ನು ಒಳಗೆ ಕರೆದರು. ಹೊರಗೆ ಬಂದಾಗ ತಾಯಿ ಅವಳ ರಟ್ಟೆ ಹಿಡಿದುಕೊಂಡಿದ್ದಳು. ಇಬ್ಬರೂ ನನ್ನ ಕಡೆ ನೋಡದೆ ಹೋದರು. ಅವಳಿಗೆ ಕೊಡಬೇಕಾಗಿದ್ದ ಉತ್ತರ ಒಂದು ಮಾತಿನಲ್ಲಿ ಮುಗಿಯುವಂಥದ್ದಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಾನು ರೀನಾ, ಅವರ್ಸಾದವಳು. ಕಾರವಾರದಲ್ಲಿ ಒಬ್ಬ ವಕೀಲರ ಕಚೇರಿಯಲ್ಲಿ ಟೈಪಿಂಗ್ ಕೆಲಸ. ದಿನಚರಿ ಬರೆಯುವ ಚಟ ಹೈಸ್ಕೂಲಿನಿಂದ ಬಂದದ್ದು. ಅದರಲ್ಲಿ ಮನಸ್ಸಿನ ಮಾತು ಕಡಿಮೆ. ಬಸ್ಸು ಎಷ್ಟು ತಡವಾಯಿತು, ಎಷ್ಟು ಪುಟ ಟೈಪಾಯಿತು, ಮಳೆ ಬಂತೋ ಇಲ್ಲವೋ, ಇಂಥವೇ. ಆದ್ದರಿಂದ ಕಾಯಿಲೆ ಶುರುವಾದ ತಾರೀಖನ್ನು ಆಮೇಲೆ ಸುಲಭವಾಗಿ ಹುಡುಕಿ ತೆಗೆಯಬಹುದು ಅಂದುಕೊಂಡಿದ್ದೆ. ಆಗಲಿಲ್ಲ. ಹೋದ ವರ್ಷದ ಜುಲೈ ಪುಟಗಳಲ್ಲಿ ಅಲ್ಲೊಮ್ಮೆ ಇಲ್ಲೊಮ್ಮೆ 'ಸುಸ್ತು' ಎಂದಿದೆ. ಆಗಸ್ಟಿನಲ್ಲಿ ವಾರಕ್ಕೆರಡು ಸಲ. ಸೆಪ್ಟೆಂಬರ್ ಹೊತ್ತಿಗೆ ಆ ಪದ ಬರೆಯುವುದನ್ನೇ ಬಿಟ್ಟಿದ್ದೇನೆ. ಅದು ಸುದ್ದಿಯಾಗಿ ಉಳಿದಿರಲಿಲ್ಲ.

ಕಚೇರಿ ಎರಡನೇ ಮಾಳಿಗೆಯಲ್ಲಿದೆ. ಮೊದಮೊದಲು ಒಂದು ತಿರುವಿನಲ್ಲಿ ನಿಲ್ಲುತ್ತಿದ್ದೆ, ಆಮೇಲೆ ಎರಡರಲ್ಲೂ. ಕೆಮ್ಮು ಬಂದಾಗ ಪುಟದ ಅಂಚಿನಲ್ಲಿ ಒಂದು ಗೀಟು ಎಳೆಯುತ್ತಿದ್ದೆ. ಕಾರವಾರದ ಒಬ್ಬ ಡಾಕ್ಟರು ಕೋರ್ಟಿನ ಹಳೇ ಕಡತಗಳ ದೂಳು ಎಂದು ಸಿರಪ್ ಬರೆದುಕೊಟ್ಟರು. ನನಗೂ ಅದೇ ಬೇಕಿತ್ತು. ದೂಳಾದರೆ ಯಾರಿಗೂ ಏನೂ ಹೇಳಬೇಕಾಗಿಲ್ಲ. ಸಿರಪ್ ಮುಗಿಯಿತು, ಗೀಟುಗಳು ಅಂಚು ತುಂಬಿ ಸಾಲುಗಳ ನಡುವೆ ಬಂದವು. ಸಂಜೆಯ ಬಸ್ಸಿನಲ್ಲಿ ನಾನು ಕೂತ ಸೀಟಿನ ಪಕ್ಕ ಜಾಗ ಖಾಲಿ ಉಳಿಯತೊಡಗಿತು. ಒಂದು ದಿನ ಪಾಯ್, ಅಂದರೆ ನನ್ನ ಅಪ್ಪ, ಕೆಲಸಕ್ಕೆ ಹೋಗದೆ ಅಂಗಿ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದ. "ನಡಿ, ಅಂಕೋಲೆಗೆ ಹೋಗ್ವ. ನಾ ರಾತ್ರಿಯೆಲ್ಲ ಕೇಳ್ತಾ ಬಿದ್ಕಂಡಿರ್ತೆ," ಅಂದ. ನಮ್ಮ ಮನೆಮಾತು ಕೊಂಕಣಿ. ಇಲ್ಲಿ ಆ ಮಾತುಗಳನ್ನು ನಾವು ಪೇಟೆಯಲ್ಲಿ ಆಡುವ ಕನ್ನಡದಲ್ಲಿ ಬರೆದಿದ್ದೇನೆ.

ಆಸ್ಪತ್ರೆಯಲ್ಲಿ ಮುಚ್ಚಳವಿರುವ ಸಣ್ಣ ಡಬ್ಬಿ ಕೊಟ್ಟು, ಕಟ್ಟಡದ ಹಿಂದೆ ಬಯಲಲ್ಲಿ ಹೋಗಿ ಕಫ ತೆಗೆದುಕೊಂಡು ಬಾ ಅಂದರು. ಅಲ್ಲಿ ಒಂದು ಬಾದಾಮಿ ಮರ. ಅದರ ಕೆಳಗೆ ಆಗಲೇ ಇಬ್ಬರು ಡಬ್ಬಿ ಹಿಡಿದು ನಿಂತಿದ್ದರು, ಒಬ್ಬ ಮುದುಕ, ಒಬ್ಬಳು ನನ್ನ ತಾಯಿಯ ವಯಸ್ಸಿನವಳು. ನಾವು ಮೂವರೂ ಮೂರು ದಿಕ್ಕಿಗೆ ಮುಖ ಮಾಡಿ ಕೆಮ್ಮಿದೆವು. ನನಗೆ ಏನೂ ಬರಲಿಲ್ಲ. ದಿನವಿಡೀ ಬೇಡವೆಂದರೂ ಬರುತ್ತಿದ್ದದ್ದು ಆಗ ಬರಲಿಲ್ಲ. ಹೆಂಗಸು ತಿರುಗದೆಯೇ ಹೇಳಿದಳು: "ಗಡಿಬಿಡಿ ಮಾಡ್ಬೇಡ ತಂಗಿ. ಮೊದ್ಲು ಉದ್ದ ಉಸ್ರು ತಕ." ಆ ದಿನ ನನ್ನೊಡನೆ ಯಾರಾದರೂ ಸಹಜವಾಗಿ ಮಾತಾಡಿದ್ದರೆ ಅವಳೇ.

ಎರಡು ದಿನ ಬಿಟ್ಟು ಫಲಿತಾಂಶ ಬಂತು. ಟಿಬಿ. ಡಾಕ್ಟರು ಹೇಳಿದ್ದರಲ್ಲಿ ನನಗೆ ನೆನಪಿರುವುದು ಕಡಿಮೆ. ಆರು ತಿಂಗಳು ಗುಳಿಗೆ, ಒಂದು ದಿನವೂ ಬಿಡಬಾರದು. ಮಲಗುವ ಕೋಣೆಗೆ ಗಾಳಿ ಬೇಕು. ಮತ್ತೆ ಪರೀಕ್ಷೆ ಮಾಡಿ ಹೇಳುವವರೆಗೆ ಮುಚ್ಚಿದ ಕೋಣೆಯಲ್ಲಿ ಜನರ ನಡುವೆ ಕೂರಬಾರದು. ನಾನು ಬರೆದುಕೊಳ್ಳುತ್ತಿದ್ದೆ, ಪೆನ್ನು ಹಿಡಿದ ಕೈ ತಾನಾಗಿ ಕೆಲಸ ಮಾಡುತ್ತಿತ್ತು. ಪಾಯ್ ಒಂದೇ ಪ್ರಶ್ನೆ ಕೇಳಿದ: "ಕಿಟಕಿ ಎಷ್ಟು ದೊಡ್ದು ಬೇಕು?"

ಪಾಯ್ ಬಡಗಿ. ಮನೆಗೆ ಬಂದವನೇ ನನ್ನ ಕೋಣೆಯ ಬೀರು ಹೊರಗೆಳೆದು, ಅದರ ಹಿಂದಿನ ಗೋಡೆಯಲ್ಲಿ ಸುಣ್ಣದಿಂದ ಚೌಕ ಬರೆದ. ಮೂರು ದಿನದಲ್ಲಿ ಅಲ್ಲಿ ಕಿಟಕಿ ಬಂತು, ಅಂಗಳ, ಬೇಲಿ, ಆಚೆಯ ಓಣಿ ಎಲ್ಲ ಕಾಣುವಂಥದ್ದು. ಮರ ಕೊಯ್ಯುವ ಕೆಲಸವನ್ನು ಜಗಲಿಯಿಂದ ತೆಗೆದು ಹಿತ್ತಲಿನ ತುದಿಗೆ ಒಯ್ದ, ಹೊಟ್ಟಿನ ದೂಳು ನನಗೆ ತಾಗದಿರಲಿ ಎಂದು. ಇದರ ಬಗ್ಗೆ ಅವನು ಒಂದು ಮಾತೂ ಆಡಲಿಲ್ಲ. ಮಾಯ್, ನನ್ನ ತಾಯಿ, ಆಡಿದಳು: "ಹೆಸ್ರು ಮಾತ್ರ ಬಾಯಲ್ಲಿ ತರಬೇಡ. ನಿಮೋನಿಯಾ ಹೇಳು, ಡೆಂಗಿ ಹೇಳು. ಡೆಂಗಿ ಅಂದ್ರೆ ಯಾರೂ ಎಂತದೂ ಹೇಳೂದಿಲ್ಲ. ದೊಡ್ಡ ದೊಡ್ಡವ್ರಿಗೇ ಆತದೆ." ಕಾಯಿಲೆಗಳಲ್ಲೂ ಮರ್ಯಾದಸ್ತ ಮನೆತನದವು ಇವೆ ಎಂದು ನನಗೆ ಗೊತ್ತಾದದ್ದು ಆಗ.

ಮೊದಲ ಗುಳಿಗೆ ನುಂಗಿದ ಬೆಳಿಗ್ಗೆ ಪಾಯಖಾನೆಗೆ ಹೋದೆ. ಮೂತ್ರ ಕಿತ್ತಳೆ ಬಣ್ಣ. ಹಾಗಾಗುತ್ತದೆ, ಹೆದರಬೇಡ ಎಂದು ಆಸ್ಪತ್ರೆಯಲ್ಲಿ ಹೇಳಿದ್ದರು. ನಾನು ಹೆದರಲಿಲ್ಲ. ಆದರೆ ಅಲ್ಲೇ ಗೋಡೆ ಹಿಡಿದು ನಿಂತೆ. ಈ ಬಣ್ಣವನ್ನು ನಾನು ಮೊದಲೇ ನೋಡಿದ್ದೆ.

ಇಸಾಬೆಲ್ ಅಜ್ಜಿಯ ಮನೆಯಲ್ಲಿ. ನಮ್ಮ ಪಕ್ಕದ ಮನೆ ಅದು. ಇಗರ್ಜಿಯ ಯುವಕ ಯುವತಿಯರಿಗೆ ಪಾದ್ರಿಗಳು ಒಬ್ಬೊಬ್ಬ ಹಾಸಿಗೆ ಹಿಡಿದವರನ್ನು ವಹಿಸಿದ್ದರು, ಭಾನುವಾರದ ಪೂಜೆಯ ನಂತರ ಹೋಗಿ ಕೂತು ಬರಲು. ನನಗೆ ಬಂದವಳು ಇಸಾಬೆಲ್ ಅಜ್ಜಿ. ತಲೆ ಬಾಚುತ್ತಿದ್ದೆ, ಉಗುರು ತೆಗೆಯುತ್ತಿದ್ದೆ, ಮಲಗಿದಲ್ಲಿಗೆ ಕೊಡುವ ಮೂತ್ರದ ಪಾತ್ರೆಯನ್ನೂ ಎಷ್ಟೋ ಸಲ ಒಯ್ದು ಚೆಲ್ಲಿ ತೊಳೆದಿದ್ದೆ. ಅದರಲ್ಲಿ ಇದೇ ಕಿತ್ತಳೆ. "ಶಕ್ತಿ ಗುಳಿಗೆ ತಿಂತಾಳಲ್ಲ, ಅದಕ್ಕೆ," ಅಂದಿದ್ದಳು ಸೊಸೆ ರೋಸಿ. ಕೆಮ್ಮು? "ದಮ್ಮು. ಹಳೇದು." ಅಜ್ಜಿಗೆ ಚಳಿ ಎಂದು ಕಿಟಕಿ ಬಾಗಿಲು ಯಾವಾಗಲೂ ಮುಚ್ಚಿರುತ್ತಿದ್ದವು. ಜೂನಿನ ಮೊದಲ ಮಳೆಗೆ ಅಜ್ಜಿ ತೀರಿಕೊಂಡಳು. ಅವಳ ಬಾಯಿಗೆ ಕೊನೆಯ ನೀರು ಬಿಟ್ಟವರಲ್ಲಿ ನಾನೂ ಒಬ್ಬಳು.

ರೋಸಿಗೆ ಗೊತ್ತಿತ್ತು. ಗೊತ್ತಿದ್ದೂ ವಾರ ವಾರವೂ ನನಗೆ ಬಾಗಿಲು ತೆರೆದು, ನಾನು ಒಳಗೆ ಹೋದ ಮೇಲೆ ಮುಚ್ಚುತ್ತಿದ್ದಳು.

ಚಿಕ್ಕಂದಿನಿಂದ ಇಗರ್ಜಿಯಲ್ಲಿ ಪ್ರೀತಿಯ ಮಾತು ಕೇಳಿ ಬೆಳೆದವಳು ನಾನು. ಕೆಡುಕು ಮಾಡಿದವರನ್ನೂ ಪ್ರೀತಿಸಬೇಕು ಎಂಬುದಕ್ಕೆ ತಲೆಯಾಡಿಸುತ್ತಲೇ ಬಂದಿದ್ದೆ. ಕಷ್ಟವಾಗಿರಲಿಲ್ಲ, ನನಗೆ ಯಾರೂ ಅಂಥ ಕೆಡುಕು ಮಾಡಿರಲಿಲ್ಲ. ಈಗ ದಿನವೂ ಬೆಳಿಗ್ಗೆ ಗುಳಿಗೆಗಳು, ಆಮೇಲೆ ಮಧ್ಯಾಹ್ನದವರೆಗೆ ಹೊಟ್ಟೆ ತೊಳಸು, ಗಂಜಿಯ ವಾಸನೆಗೂ ವಾಂತಿ. ಪ್ರತಿ ಸಲ ಬಗ್ಗಿದಾಗಲೂ ರೋಸಿಯ ಮುಖ ಕಣ್ಣ ಮುಂದೆ ಬರುತ್ತಿತ್ತು. ಸಂಜೆ ಮನೆಯಲ್ಲಿ ತೇರ್ಸ ಹೇಳುತ್ತೇವೆ, ಜಪಮಾಲೆಯ ಪ್ರಾರ್ಥನೆ. ನಾನು ನನ್ನ ಕೋಣೆಯಿಂದಲೇ ದನಿಗೂಡಿಸುತ್ತಿದ್ದೆ. ಅದರಲ್ಲಿ ಹತ್ತು ಮಣಿಗೊಮ್ಮೆ ಬರುವ ಪ್ರಾರ್ಥನೆಯಲ್ಲಿ ಒಂದು ಸಾಲಿದೆ, ನಮಗೆ ತಪ್ಪು ಮಾಡಿದವರನ್ನು ನಾವು ಕ್ಷಮಿಸುವ ಬಗ್ಗೆ. ಅದು ಬಂದಾಗ ನಾನು ಬಾಯಿ ಮುಚ್ಚುತ್ತಿದ್ದೆ. ಸುಳ್ಳು ಹೇಳುವುದಕ್ಕಿಂತ ಸುಮ್ಮನಿರುವುದು ಮೇಲು ಅನಿಸಿತ್ತು. ಒಂದು ತೇರ್ಸಿಗೆ ಐದು ಸಲಕ್ಕೂ ಮಿಕ್ಕಿ ಬರುತ್ತದೆ ಆ ಸಾಲು. ಅದನ್ನು ಬರೆದವರಿಗೆ ನಮ್ಮ ಬಗ್ಗೆ ಚೆನ್ನಾಗಿ ಗೊತ್ತಿರಬೇಕು.

ಅಕ್ಟೋಬರ್ ಬಂತು. ಅದು ನಮ್ಮಲ್ಲಿ ಸಾಯ್ಬೀಣ ಮನೆ ಮನೆಗೆ ಬರುವ ತಿಂಗಳು. ಸಾಯ್ಬೀಣ ಎಂದರೆ ಮಾತೆ ಮರಿಯಳ ಮೂರ್ತಿ. ಗಾಜಿನ ಬಾಗಿಲಿನ ಪುಟ್ಟ ಮರದ ಪೆಟ್ಟಿಗೆಯಲ್ಲಿ ಒಂದೊಂದು ಮನೆಯಲ್ಲಿ ಒಂದೊಂದು ರಾತ್ರಿ ಇರುತ್ತಾಳೆ. ಸಂಜೆ ಕೇರಿಯವರೆಲ್ಲ ಆ ಮನೆಯ ಪಡಸಾಲೆಯಲ್ಲಿ ಒತ್ತೊತ್ತಾಗಿ ಕೂತು ತೇರ್ಸ ಹೇಳುತ್ತಾರೆ, ಹಾಡುತ್ತಾರೆ, ಬೇಯಿಸಿದ ಕಡಲೆ ತಿಂದು ಹೋಗುತ್ತಾರೆ. ಮರುಸಂಜೆ ಆ ಮನೆಯವರೇ ಪೆಟ್ಟಿಗೆ ಹೊತ್ತು, ಹಾಡುತ್ತ, ಮುಂದಿನ ಮನೆಯ ಹೊಸ್ತಿಲಿಗೆ ಒಪ್ಪಿಸಬೇಕು. ಆ ಪೆಟ್ಟಿಗೆ ಪಾಯ್ ಮಾಡಿದ್ದು. ಹಾಡು ಎತ್ತುವವಳು ಮಾಯ್, ನಾನು ಹುಟ್ಟುವ ಮೊದಲಿಂದಲೂ. ಮತ್ತು ಸರದಿಯಲ್ಲಿ ನಮ್ಮ ಹಿಂದಿನ ಮನೆ ರೋಸಿಯದು.

ಸರದಿ ತಪ್ಪಿಸಿದ ಮನೆ ಯಾವುದೂ ನನಗೆ ನೆನಪಿಲ್ಲ. ಸಾವಿನ ಮನೆಗೂ ಸಾಯ್ಬೀಣ ಬಂದಿದ್ದಾಳೆ. ಬೇಡವೆಂದರೆ ಕಾರಣ ಹೇಳಲೇಬೇಕು.

ಮಾಯ್ ಒಂದು ಉಪಾಯ ಮಾಡಿಟ್ಟಿದ್ದಳು. "ನೀ ಒಳಗೆ ಬಾಗ್ಲು ಹಾಕ್ಕಂಡು ಇರು. ಡೆಂಗಿ ಆಗಿ ಸುಸ್ತು, ಮಲಗಿದೆ ಹೇಳ್ತೆ. ಒಂದು ತಾಸಿನ ಮಾತು."

"ನಾ ಒಳಗಿದ್ರೆ ಸಾಕಾ? ಎಲ್ರೂ ನನ್ನ ನೋಡೂಕೆ ಒಳಗೇ ಬತ್ರು. ನೀನು ಬೇಡ ಅಂದ್ರೂ ಬತ್ರು. ಚಿಕ್ಕ ಮಕ್ಕಳು ಮೊದ್ಲು ಬತ್ತವೆ."

"ಹಂಗಾರೆ ಎಂತ ಮಾಡೂದು? ಸಾಯ್ಬೀಣಗೆ ಬರಬೇಡ ಹೇಳೂದ? ನನ್ನ ಬಾಯಲ್ಲಿ?"

ಈ ಮಾತು ಎರಡು ಮೂರು ಸಂಜೆ ನಡೆಯಿತು. ಇಬ್ಬರಿಗೂ ಆಯಾಸವಾಗುವವರೆಗೆ ಆಡುವುದು, ಮರುದಿನ ಮತ್ತೆ ಅಲ್ಲಿಂದಲೇ ಶುರು ಮಾಡುವುದು. ಗುರುವಾರ ರೋಸಿ ಬೇಲಿಯ ಹತ್ತಿರ ಬಂದು ನನ್ನ ತಾಯಿಯನ್ನು ಕರೆದಳು, ಒಪ್ಪಿಸುವ ಹೊತ್ತು ಗೊತ್ತು ಮಾಡಲು. ನಾನು ಹೊಸ ಕಿಟಕಿಯ ಒಳಗೆ ಮಲಗಿದ್ದೆ. ಅವಳ ಗಂಡ ಹಡಗಿನ ಕೆಲಸದಲ್ಲಿ; ವರ್ಷದಲ್ಲಿ ಹೆಚ್ಚು ದಿನ ಅವಳು ಒಬ್ಬಳೇ. ಸಿಗಡಿ ಉಪ್ಪಿನಕಾಯಿ ಹಾಕಿ ಅಂಕೋಲೆಯ ಅಂಗಡಿಗಳಿಗೆ ಕೊಟ್ಟು ಜೀವನ. ಮಾತಿನ ನಡುವೆ ಅವಳು ಕೆಮ್ಮಿದಳು. ಸೆರಗು ಬಾಯಿಗೊತ್ತಿಕೊಂಡು ಇನ್ನೊಮ್ಮೆ ಕೆಮ್ಮಿದಳು. "ಮೆಣಸಿನ ಘಾಟು," ಅಂದಳು ಮಾಯ್‌ಗೆ.

ತಿಂಗಳುಗಟ್ಟಲೆ ನನ್ನ ಕೆಮ್ಮನ್ನು ಗೀಟು ಹಾಕಿ ಎಣಿಸಿದವಳು ನಾನು. ಅದು ಮೆಣಸಿನ ಘಾಟಲ್ಲ. ನನಗೆ ಆಗ ಮೊದಲು ಬಂದ ಯೋಚನೆ ಇಷ್ಟೇ: ಕೆಮ್ಮಲಿ.

ಅದನ್ನು ದಿನಚರಿಯಲ್ಲಿ ಬರೆಯಲಿಲ್ಲ. ಆದರೆ ಆ ಸಂಜೆ ತೇರ್ಸಿನಲ್ಲಿ ಆ ಸಾಲು ಬರುವ ಮೊದಲೇ ನನ್ನ ದನಿ ನಿಂತಿತು. ಪ್ರಾರ್ಥನೆಯ ಉಳಿದ ಭಾಗಗಳನ್ನೂ ಹೇಳಲಾಗಲಿಲ್ಲ. ಅವಳು ನನಗೆ ಮಾಡಿದ್ದು ಏನು? ತಿಳಿದೂ ಹೇಳಲಿಲ್ಲ. ನಾನು ಈಗ ಮಾಡುತ್ತಿರುವುದು ಅದೇ ಅಲ್ಲವೇ, ಕಿಟಕಿಯ ಒಳಗೆ ಮಲಗಿ.

ಊಟಕ್ಕೆ ಕೂತಾಗ ನಾನು ಕೋಣೆಯ ಬಾಗಿಲಿನಿಂದ ಎಲ್ಲ ಹೇಳಿದೆ, ಅಜ್ಜಿಯ ಪಾತ್ರೆಯ ಬಣ್ಣವನ್ನೂ ಸೇರಿಸಿ. ಮಾಯ್ ಅನ್ನ ಕಲಸಿದ ಕೈಯನ್ನು ಹಾಗೇ ಹಿಡಿದಳು. "ಆ ರಂಡೆ," ಅಂದಳು. ನಮ್ಮ ಮಾಯ್ ಬಾಯಲ್ಲಿ ಆ ಪದ ನಾನು ಕೇಳಿರಲಿಲ್ಲ. ಬಟ್ಟಲು ಪಕ್ಕಕ್ಕೆ ತಳ್ಳಿ, "ಅವ್ಳೇ ಮುಚ್ಚಿಟ್ಟಾಗ ನಾವ್ಯಾಕೆ ಹೇಳಬೇಕು?" ಅಂದಳು.

ಪಾಯ್ ಕೈ ತೊಳೆದು ಬಂದು ಹೇಳಿದ: "ಪೆಟ್ಟಿಗೆ ನಾ ಮಾಡಿದ್ದು. ಅದ್ರಲ್ಲಿ ಮೂರ್ತಿ ಇಡೂಕೆ ಮಾತ್ರ ಜಾಗ ಅದೆ. ಸುಳ್ಳನ್ನೂ ಇಟ್ಕಂಡು ತಿರ್ಗೂದಾದ್ರೆ ನಾ ಈ ಸರ್ತಿ ಮುಟ್ಟೂದಿಲ್ಲ."

ಮಾಯ್ ಪಾತ್ರೆಗಳನ್ನು ಬೇಕಾದದ್ದಕ್ಕಿಂತ ಹೆಚ್ಚು ಸದ್ದು ಮಾಡಿ ತೊಳೆದಳು.

ಶನಿವಾರ ಸಂಜೆ ಮಾಸ್ಕ್ ಕಟ್ಟಿಕೊಂಡು ಅಂಗಳಕ್ಕೆ ಇಳಿದೆ. ಬೇಲಿಯವರೆಗೆ ಹೋಗಿ ಗೂಟ ಹಿಡಿದು ನಿಂತೆ. ರೋಸಿ ಹಿತ್ತಲಲ್ಲಿ ಸಿಗಡಿ ಆರಲು ಹಾಕಿದ್ದ ಚಾಪೆ ಎತ್ತುತ್ತಿದ್ದಳು.

"ರೋಸಿ ಬಾಯಿ, ನಂಗೆ ಟಿಬಿ."

ಅವಳು ಚಾಪೆ ಕೆಳಗಿಟ್ಟಳು. "ದೇವಾ. ಡೆಂಗಿ ಹೇಳಿದ್ಲಲ್ಲ ನಿನ್ನ ಮಾಯ್."

"ಡೆಂಗಿ ಅಲ್ಲ. ಅಜ್ಜಿಗೆ ಇತ್ತಲ್ಲ, ಅದೇ."

"ಅಜ್ಜಿಗೆ ದಮ್ಮಿತ್ತು. ಯಾರು ಹೇಳಿದ್ರು ನಿಂಗೆ?"

"ಯಾರೂ ಹೇಳ್ಲಿಲ್ಲ. ನನ್ನ ಮೂತ್ರ ನೋಡಿ ಗೊತ್ತಾತು. ಅದೇ ಬಣ್ಣ."

ಅವಳ ಮುಖ ಕೆಂಪಾಯಿತು. "ಸತ್ತವ್ಳ ಮೇಲೆ ಹಾಕೂದ? ಬಸ್ಸಲ್ಲಿ ದಿನಾ ನೂರು ಮಂದಿ ಸಂಗಡ ಓಡಾಡ್ತಿ ನೀನು. ಅಲ್ಲೆಲ್ಲಿಂದ ಬಂತೋ, ನಮ್ಮ ಮನೆ ತೋರಿಸ್ತಿ."

ನಾನು ಬರುವಾಗ ಮನಸ್ಸಿನಲ್ಲಿ ಕಟ್ಟಿಕೊಂಡಿದ್ದ ಮಾತುಗಳು ಬಹಳ ಇದ್ದವು. ಅವುಗಳಲ್ಲಿ ಅರ್ಧ ಬೈಗುಳ. ನಿಂತು ಹೇಳುವಷ್ಟು ಉಸಿರಿರಲಿಲ್ಲ. ಉಸಿರಿದ್ದಿದ್ದರೆ ಬೈಯುತ್ತಿದ್ದೆನೋ ಏನೋ. "ಹೌದೋ ಅಲ್ಲವೋ, ಅದು ಬಿಡು," ಅಂದೆ. "ನಿನ್ನ ಕೆಮ್ಮು ಘಾಟಿಂದಲ್ಲ. ಹೋಗಿ ತೋರ್ಸು. ಡಬ್ಬಿ ಕೊಡ್ತ್ರು, ಬಾದಾಮಿ ಮರದ ಬುಡಕ್ಕೆ ಹೋಗೂದು, ಅಷ್ಟೇಯ."

"ನೀ ಡಾಕ್ಟ್ರಮ್ಮ ಆದ್ಯಾ?" ಅಂದು ಅವಳು ಚಾಪೆ ಎತ್ತಿಕೊಂಡು ಒಳಗೆ ಹೋದಳು. ಬಾಗಿಲು ಹಾಕಿದ ಮೇಲೆ ಒಳಗಿನಿಂದ ಕೆಮ್ಮು ಕೇಳಿಸಿತು.

ಭಾನುವಾರ ಪೂಜೆ ಮುಗಿದ ಮೇಲೆ ನಡೆದದ್ದನ್ನು ನನಗೆ ಹೇಳಿದ್ದು ಪಾಯ್. ಹೆಂಗಸರೆಲ್ಲ ಸಾಯ್ಬೀಣ ಸರದಿ ಮಾತಾಡುತ್ತ ನಿಂತಿದ್ದಾಗ ಮಾಯ್ ಇಗರ್ಜಿಯ ಮೆಟ್ಟಿಲಿನ ಮೇಲೆ ನಿಂತು, ಹಾಡು ಎತ್ತುವ ಅದೇ ದನಿಯಲ್ಲಿ ಹೇಳಿದಳಂತೆ: "ನಮ್ಮ ರೀನಾಗೆ ಟಿಬಿ ಆಗ್ಯದೆ. ಗುಳಿಗೆ ತಕಣ್ತದೆ, ಗುಣ ಆತದೆ. ಈ ಸರ್ತಿ ಸಾಯ್ಬೀಣ ನಮ್ಮನಿಗೆ ಬರೂದು ಬ್ಯಾಡ, ಆಚೆ ಮನಿಗೆ ಹೋಗ್ಲಿ. ನಿಮ್ಮನೆ ಮಕ್ಕಳ ಚಿಂತೆ ನಂಗೂ ಅದೆ." ಆಮೇಲೆ ಯಾರಿಗೂ ಕಾಯದೆ ಮನೆಗೆ ಬಂದು, ನನ್ನ ಕೋಣೆಯ ಬಾಗಿಲಲ್ಲಿ ನೆಲಕ್ಕೆ ಕೂತಳು. "ಹೇಳ್ದೆ," ಅಂದಳು. "ಹಗೂರ ಆತದೆ ಹೇಳ್ತ್ರಲ್ಲ ಪಾದ್ರಿ, ಎಂತ ಹಗೂರವೂ ಆಗ್ಲಿಲ್ಲ ನಂಗೆ. ಕಾಲು ನೋಯ್ತದೆ." ಅವಳು ಹಾಗೆ ಹೇಳಿದ್ದು ನನಗೆ ಇಷ್ಟವಾಯಿತು.

ಬುಧವಾರ ಸಂಜೆ ಮೆರವಣಿಗೆ ನಮ್ಮ ಓಣಿಗೆ ಬಂತು. ಮುಂದೆ ಮೇಣದ ಬತ್ತಿಗಳು, ನಡುವೆ ಪೆಟ್ಟಿಗೆ ಹೊತ್ತ ರೋಸಿ, ಅವಳ ಪಕ್ಕದಲ್ಲಿ ಹಾಡುತ್ತ ನನ್ನ ತಾಯಿ. ನಮ್ಮ ಗೇಟಿನ ಎದುರು ಬಂದಾಗ ಅಭ್ಯಾಸದಿಂದ ಕೆಲವರ ಕಾಲು ಒಳಗೆ ತಿರುಗಿತು, ಮತ್ತೆ ಸರಿಯಾಯಿತು. ಅಲ್ಲೇ ರೋಸಿಗೆ ಕೆಮ್ಮು ಬಂತು. ಕೈಯಲ್ಲಿ ಪೆಟ್ಟಿಗೆ ಇದ್ದದ್ದರಿಂದ ಸೆರಗು ಎತ್ತಲಾಗದೆ, ಭುಜಕ್ಕೆ ಮುಖ ಒತ್ತಿ ಕೆಮ್ಮಿದಳು. ಹಾಡು ತಗ್ಗಿತು. ಮಾಯ್ ಅವಳ ಕಡೆ ನೋಡಿದಳು, ನೋಡಿ, ಹಾಡನ್ನು ಮತ್ತೆ ಮೇಲಕ್ಕೆತ್ತಿದಳು. ಸಾಯ್ಬೀಣ ನಮ್ಮ ಮನೆ ದಾಟಿ ಹೋದಳು. ಕಿಟಕಿಯ ಸರಳು ಹಿಡಿದು ನಾನು ಬೆಳಕು ತಿರುವಿನಲ್ಲಿ ಮರೆಯಾಗುವವರೆಗೆ ನೋಡಿದೆ. ಪಾಯ್ ಆ ಸರಳುಗಳಿಗೆ ಇನ್ನೂ ಬಣ್ಣ ಹಚ್ಚಿರಲಿಲ್ಲ.

ಹೇಳಿದ್ದರಿಂದ ಏನಾಯಿತು ಎಂದು ಆಸ್ಪತ್ರೆಯ ಆ ಹುಡುಗಿ ಕೇಳಬಹುದು. ನಿಜ ಹೇಳುತ್ತೇನೆ. ಕೆಲವರು ಬರುವುದು ಬಿಟ್ಟರು. ನನ್ನ ಓರಗೆಯ ಒಬ್ಬ ಗೆಳತಿ ತನ್ನ ಮದುವೆಯ ಕರೆಯೋಲೆಯನ್ನು ಗೇಟಿಗೆ ಸಿಕ್ಕಿಸಿ ಹೋದಳು. ವಕೀಲರು ಮಾತ್ರ ಕೆಲಸ ಬಿಡಿಸಲಿಲ್ಲ, ಮನೆಗೆ ಕರಡು ಕಳಿಸಿ ಟೈಪ್ ಮಾಡಿಸಿಕೊಂಡರು, ಮೊದಲಿನಂತೆಯೇ ತಪ್ಪುಗಳಿಗೆ ಬೈದರು. ಆ ಬೈಗುಳ ನನಗೆ ಔಷಧದ ಹಾಗಿತ್ತು. ಆಶಾ ಕಾರ್ಯಕರ್ತೆ ಸಾವಿತ್ರಿ ಅಕ್ಕ ದಿನ ಬಿಟ್ಟು ದಿನ ಬರುತ್ತಿದ್ದಳು. ಅವಳು ಖಾರ್ವಿ ಕೇರಿಯವಳು, ಗಂಡನದು ದೋಣಿ. ಬರುವಾಗ ಬಾಳೆಎಲೆಯಲ್ಲಿ ನಾಲ್ಕು ಬಂಗಡೆ, ಇಲ್ಲವೇ ಹಿಲ್ಲೂರಿನ ಅವಳ ನೆಂಟರು ಕೊಟ್ಟ ಜೇನು. "ಮೀನು ತಿಂದು ತೂಕ ಮಾಡ್ಕ. ನೀ ಹಿಂಗೇ ಒಣಗಿದ್ರೆ ನಿನ್ನನ್ನೂ ಒಣಮೀನಿನ ಸಂಗಡ ಬುಟ್ಟಿಗೆ ಹಾಕ್ಕಂಡು ಮಾರೂಕೆ ಹೋಗ್ಬೇಕಾತದೆ," ಅನ್ನುತ್ತಿದ್ದಳು. ತೂಕ ಅರ್ಧ ಕಿಲೋ ಏರಿದ ದಿನ ಅವಳು ಇಡೀ ಕೇರಿಗೆ ಕೇಳುವಂತೆ ಕೂಗಿದಳು. ಮುಚ್ಚಿಡಲು ಏನೂ ಉಳಿದಿರಲಿಲ್ಲವಲ್ಲ, ಕೂಗಬಹುದಾಗಿತ್ತು.

ಉಳಿದದ್ದೆಲ್ಲ ದಣಿವು. ಗುಣವಾಗುವುದು ಇಷ್ಟು ನೀರಸ ಕೆಲಸ ಎಂದು ಯಾರೂ ಹೇಳಿರಲಿಲ್ಲ. ಎದ್ದು ಗುಳಿಗೆ, ಮಲಗಿ ಬೆವರು, ಮತ್ತೆ ಗುಳಿಗೆ. ಪ್ರಾರ್ಥನೆಯಲ್ಲಿ ಆ ಸಾಲಿಗೆ ಈಗಲೂ ಬಾಯಿ ಮುಚ್ಚುತ್ತಿದ್ದೆ. ರೋಸಿಗೆ ಹೇಳಬೇಕಾದದ್ದು ಹೇಳಿದ್ದೆ, ಅಷ್ಟರಿಂದ ಸಿಟ್ಟು ಹೋಗಲಿಲ್ಲ.

ನವೆಂಬರ್ ಕೊನೆಗೆ ಮರುಪರೀಕ್ಷೆಗೆ ಅಂಕೋಲೆಗೆ ಹೋದಾಗ, ಬೆಂಚಿನ ಆ ತುದಿಯಲ್ಲಿ ಮಾಸ್ಕ್ ಕಟ್ಟಿದ ಒಬ್ಬಳು ಕೂತಿದ್ದಳು. ಕಣ್ಣು ನೋಡಿದೊಡನೆ ಗುರುತಾಯಿತು. ರೋಸಿ. ಮಡಿಲಲ್ಲಿ ಗುಳಿಗೆಯ ಚೀಲ. ವಾಪಸ್ಸು ಒಂದೇ ಬಸ್ಸಿನಲ್ಲಿ ಬಂದೆವು, ಅವಳು ಮುಂದೆ, ನಾನು ಹಿಂದೆ. ನನ್ನ ಪರೀಕ್ಷೆಯಲ್ಲಿ ಕ್ರಿಮಿ ಸಿಗಲಿಲ್ಲ, ಇನ್ನು ಜನರ ನಡುವೆ ಹೋಗಬಹುದು ಅಂದಿದ್ದರು. ಸಂತೋಷಪಡಲೂ ಶಕ್ತಿ ಬೇಕು. ನಾನು ಕಿಟಕಿಗೆ ತಲೆಯಾನಿಸಿ ನಿದ್ದೆ ಹೋದೆ. ಅವರ್ಸಾದ ಸ್ಟಾಪಿನಲ್ಲಿ ಯಾರೋ ನನ್ನ ಭುಜ ತಟ್ಟಿ ಎಬ್ಬಿಸಿದರು. ಕಣ್ಣು ಬಿಟ್ಟಾಗ ರೋಸಿ ಆಗಲೇ ಇಳಿಯುತ್ತಿದ್ದಳು.

ಡಿಸೆಂಬರಿನಲ್ಲಿ ಅವಳ ಸ್ಥಿತಿ ಕೆಟ್ಟಿತ್ತು. ಬೆಂಚಿನಿಂದ ಎದ್ದು ಓಡಿ, ಮೋರಿಯ ಪಕ್ಕ ಬಗ್ಗಿ ವಾಂತಿ ಮಾಡಿದಳು. ಆ ವಾಂತಿಯ ರುಚಿ ನನಗೆ ಗೊತ್ತಿತ್ತು. ಹೋಗಿ ಅವಳ ಹಣೆ ಹಿಡಿದೆ. ಇದು ಕ್ಷಮೆಯೇನಲ್ಲ. ನನಗೆ ವಾಂತಿಯಾದಾಗ ಮಾಯ್ ಹಿಡಿಯುತ್ತಿದ್ದಳು, ಇವಳಿಗೆ ಮನೆಯಲ್ಲಿ ಹಿಡಿಯುವವರಿಲ್ಲ, ಅಷ್ಟೇ ಹೊಳೆದದ್ದು.

ನೀರು ಕುಡಿದು ಅವಳು ಬೆಂಚಿನಲ್ಲಿ ಗೋಡೆಗೊರಗಿ ಕೂತಳು. ಎದುರಿನ ಗೋಡೆಗೆ ಹೇಳುವವಳಂತೆ ಹೇಳಿದಳು: "ಅತ್ತೆ ಆಣೆ ಹಾಕ್ಸಿದ್ದಳು, ರೀನಾಗೆ ಹೇಳ್ಬೇಡ ಹೇಳಿ."

"ನಂಗೆ? ನಂಗೇ ಯಾಕೆ?"

"ಹೇಳಿದ್ರೆ ನೀ ಬರೂದು ನಿಲ್ಲಿಸ್ತಿ ಹೇಳಿ. ಶನಿವಾರ ರಾತ್ರಿಂದ್ಲೇ ಕೇಳ್ತಿದ್ದಳು, ನಾಳೆ ಆಯ್ತಾರ ಅಲ್ದ, ನಾಳೆ ಆಯ್ತಾರ ಅಲ್ದ ಅಂತ. ವಾರದಲ್ಲಿ ಅದೊಂದೇ ದಿನ ಅವ್ಳಿಗೆ. ನಂಗೂ ಉಪ್ಪಿನಕಾಯಿ ಯಾರೂ ತಕಣೂದಿಲ್ಲ ಹೇಳಿ ಹೆದ್ರಿಕೆ ಇತ್ತು. ಅದು ಸುಳ್ಳಲ್ಲ. ಎರಡೂ ಕೂಡಿ ಬಾಯಿ ಕಟ್ತು." ಆಮೇಲೆ ಅಂದಳು, "ತಪ್ಪಾತು ನಂದು."

ನಾನು ಕೈಯಲ್ಲಿದ್ದ ಚೀಟಿ ಮಡಚಿದೆ, ಬಿಡಿಸಿದೆ. ಅವಳು ಆಗಲೇ ಹೇಳಿದ್ದರೆ ನಾನು ಬರುವುದು ನಿಲ್ಲಿಸುತ್ತಿದ್ದೆನೆ? ಮಾಸ್ಕ್ ಕಟ್ಟಿಕೊಂಡು, ಕಿಟಕಿ ತೆರೆಸಿ, ಹೋಗಬಹುದಾಗಿತ್ತು. ಹೋಗುತ್ತಿದ್ದೆನೆ? ಆ ಭಾನುವಾರಗಳನ್ನು ನಾನು ದಿನಚರಿಯಲ್ಲಿ ಒಂದೊಂದಾಗಿ ಗುರುತು ಹಾಕಿಟ್ಟಿದ್ದೆ, ಮಾಡಿದ ಒಳ್ಳೆಯ ಕೆಲಸ ಎಂದು. ಅಜ್ಜಿಗೆ ನನ್ನ ಪ್ರೀತಿಯ ಅಳತೆ ನನಗಿಂತ ಚೆನ್ನಾಗಿ ಗೊತ್ತಿತ್ತೋ, ಅಥವಾ ಅವಳು ನನ್ನನ್ನು ತಪ್ಪು ತಿಳಿದಿದ್ದಳೋ, ಈಗ ಕೇಳುವಂತಿಲ್ಲ. ಆದರೆ ಆ ಪ್ರಶ್ನೆ ಬಂದ ಮೇಲೆ ರೋಸಿಯ ಮೇಲಿನ ಸಿಟ್ಟನ್ನು ಮೊದಲಿನ ಹಾಗೆ ನೇರವಾಗಿ ಹಿಡಿದುಕೊಳ್ಳಲು ಆಗಲಿಲ್ಲ. ನಮ್ಮ ಚೀಟಿ ಕರೆದರು. ಬಸ್ಸಿನಲ್ಲಿ ಅವಳು ನನ್ನ ಪಕ್ಕ ಕೂತಳು. ಗುಳಿಗೆಗೆ ಮೊದಲು ಒಂದು ತುಂಡು ಒಣ ಪಾವ್ ಬ್ರೆಡ್ಡು ತಿಂದರೆ ಹೊಟ್ಟೆಯಲ್ಲಿ ನಿಲ್ಲುತ್ತದೆ ಎಂದು ಅವಳಿಗೆ ಹೇಳಿದೆ.

ಮಾರ್ಚಿನಲ್ಲಿ ನನ್ನ ಗುಳಿಗೆ ಮುಗಿಯಿತು, ಮಳೆಗೆ ಮೊದಲು ಅವಳದು.

ಈ ಅಕ್ಟೋಬರ್‌ನಲ್ಲಿ ಸಾಯ್ಬೀಣ ನಮ್ಮ ಮನೆಗೆ ಬಂದಳು. ರೋಸಿ ಪೆಟ್ಟಿಗೆ ಹೊತ್ತು ಹೊಸ್ತಿಲವರೆಗೆ ತಂದು ನನ್ನ ಕೈಗೆ ಕೊಟ್ಟಳು. ಪಾಯ್ ಪಡಸಾಲೆಯಲ್ಲಿ ಇನ್ನೊಂದು ಕಿಟಕಿ ಇಟ್ಟಿದ್ದ. ಗಾಳಿಗೆ ಬತ್ತಿಗಳು ಆರಿ ಆರಿ ಹೋಗುತ್ತಿದ್ದವು, ಮಾಯ್ ಗೊಣಗುತ್ತ ಮತ್ತೆ ಹಚ್ಚುತ್ತಿದ್ದಳು. ಮೊದಲಿನಷ್ಟು ಜನ ಇರಲಿಲ್ಲ. ತೇರ್ಸ ಶುರುವಾಯಿತು. ಆ ಸಾಲು ಬಂದಾಗ ರೋಸಿಯ ದನಿ ನನ್ನ ಪಕ್ಕದಲ್ಲೇ ಇತ್ತು, ಒಡಕು ದನಿ, ತುಸು ಮುಂದೆ ಓಡುವಂಥದ್ದು. ನಾನು ನಿಲ್ಲಲಿಲ್ಲ. ಹೇಳಿದೆ. ದಿನಚರಿಯಲ್ಲಿ ಆ ದಿನ ಅಷ್ಟೇ ಬರೆದಿದ್ದೇನೆ: 'ಹೇಳಿದೆ.'

ಕೊನೆಯ ಹಾಡಿನ ನಡುವೆ ಹಿಂದಿನಿಂದ ಕೆಮ್ಮು ಕೇಳಿಸಿತು. ಒಮ್ಮೆ, ಮತ್ತೊಮ್ಮೆ. ಆಚೆ ಮನೆಯ ಜುಜೆ ಅಂಕಲ್, ಗೋಡೆಗೆ ಮುಖ ತಿರುಗಿಸಿಕೊಂಡಿದ್ದರು. ಯಾರೂ ನೋಡಲಿಲ್ಲ, ಅಂದರೆ ಎಲ್ಲರೂ ನೋಡದ ಹಾಗೆ ಮಾಡಿದರು. ಹಾಡು ಮುಗಿದು ಕಡಲೆ ಹಂಚುವಾಗ ರೋಸಿ ನನ್ನ ಕೈಯಿಂದ ಒಂದು ಪೊಟ್ಟಣ ತೆಗೆದುಕೊಂಡು ನೇರ ಅವರ ಹತ್ತಿರ ಹೋದಳು.

"ಎಷ್ಟು ದಿವ್ಸ ಆತು ಅಂಕಲ್, ಈ ಕೆಮ್ಮು?"

"ಛೆ, ಬತ್ತಿ ಹೊಗೆ ಅದು."

"ನಾನೂ ಮೆಣಸಿನ ಘಾಟು ಹೇಳಿದ್ದೆ," ಅಂದಳು ರೋಸಿ, ಮೆಲ್ಲಗೆ ಅಲ್ಲ, ಇಡೀ ಪಡಸಾಲೆಗೆ ಕೇಳುವ ಹಾಗೆ. "ಟಿಬಿ ಆಗಿತ್ತು ನಂಗೆ. ನಮ್ಮತ್ತೆಗೂ ಅದೇ ಆಗಿತ್ತು. ನಾಳೆ ಎಂಟೂವರಿ ಬಸ್ಸಿಗೆ ಬನ್ನಿ. ನಾ ಬತ್ತೆ ನಿಮ್ಮ ಸಂಗಡ." ಮತ್ತೆ ನನ್ನ ಕಡೆ ತಿರುಗಿ, "ರೀನಾನೂ ಬತ್ತದೆ," ಅಂದಳು.

ನನಗೆ ಮರುದಿನ ಕಚೇರಿ ಇತ್ತು, ದಣಿವೂ ಇತ್ತು. ಹೂಂ ಅಂದೆ.